ಮಲ್ಪೆಯೋ, ಕಾರವಾರವೋ?

ಎರಡು ದಿನ ಸಮುದ್ರ ನೋಡಿ ಬರೋಣ ಅಂದರೆ ಸಾಕು, ದಾವಣಗೆರೆಯ ನಮ್ಮ ಮನೆಯಲ್ಲಿ ಇದೇ ಜಗಳ. ಎರಡೂ ಕಡೆ ಬೀಚಿನ ಪಕ್ಕದಲ್ಲೇ ಬಂದರು ಇದೆ, ಆದರೆ ಮಜಾ ಬೇರೆ ಬೇರೆ.

ಮಲ್ಪೆ ನಮಗೆ ಹತ್ತಿರ. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯಬೇಕು. ತಿರುವು ಆಗದವರು ಹೊಟ್ಟೆ ತುಂಬಾ ಬೆಣ್ಣೆ ದೋಸೆ ತಿಂದು ಹೊರಡಬೇಡಿ! ಬೆಳಿಗ್ಗೆ ಬೇಗ ಎದ್ದು ಮೀನುಗಾರಿಕೆ ಬಂದರಿಗೆ ಹೋಗಿ. ದೋಣಿಯಿಂದ ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಇಳಿಯುತ್ತದೆ. ಪಕ್ಕದಲ್ಲೇ ಐಸ್ ಪುಡಿ ಸುರಿಯುತ್ತಾರೆ, ಹರಾಜಿನ ಕೂಗು ಬೇರೆ. ಚಪ್ಪಲಿ ಒದ್ದೆಯಾಗುತ್ತದೆ, ವಾಸನೆ ಬಟ್ಟೆ ಬಿಡಲ್ಲ. ಆದರೂ ನನಗೆ ಬೀಚಿಗಿಂತ ಇದೇ ಇಷ್ಟ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಬಂದರು ಸುಮ್ನೆ ಮಲಗಿರುತ್ತದೆ. ಮಳೆಗಾಲದಲ್ಲಿ ಸೇಂಟ್ ಮೇರಿಸ್ ದ್ವೀಪದ ದೋಣಿಯೂ ಇಲ್ಲ. ವಾರದ ಕೊನೆಗೆ ಜನ ಜಾಸ್ತಿ.

ಕಾರವಾರ ದೂರ. ಹುಬ್ಬಳ್ಳಿವರೆಗೆ ಹೆದ್ದಾರಿ, ಆಮೇಲೆ ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ. ಆದರೆ ಟ್ಯಾಗೋರ್ ಬೀಚ್ ಊರೊಳಗೇ ಇದೆ, ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ದಡದಲ್ಲಿ ಚಾಪೆಲ್ ಯುದ್ಧನೌಕೆ ನಿಂತಿದೆ, ಮಕ್ಕಳಿಗೆ ಅಷ್ಟೇ ಸಾಕು. ಸಂಜೆ ಊರಿನವರು ವಾಕಿಂಗ್ ಬರುತ್ತಾರೆ, ಗದ್ದಲ ಕಡಿಮೆ.

ಅಜ್ಜ ಅಜ್ಜಿ ಜೊತೆಗಿದ್ದರೆ ನನ್ನ ಓಟು ಕಾರವಾರಕ್ಕೆ. ಹುಡುಗರ ಗುಂಪಾದರೆ ಮಲ್ಪೆ. ಎಲ್ಲಿಗೇ ಹೋದರೂ ಮಂಡಕ್ಕಿ ಪೊಟ್ಟಣ ಗಟ್ಟಿಯಾಗಿ ಕಟ್ಟಿಕೊಳ್ಳಿ. ಕಡಲ ಗಾಳಿಗೆ ಹತ್ತೇ ನಿಮಿಷದಲ್ಲಿ ಮೆತ್ತಗಾಗುತ್ತದೆ.