ಹ್ಯಾಂಡಲ್‌ಗೆ ಲೋಲಕ ಕಟ್ಟುವವರಿಗೆ ಒಂದು ಮಾತು

ಸೈಕಲ್‌ಗೆ ಮನೆಯಲ್ಲೇ ಕ್ಯಾಮೆರಾ ಸ್ಟೆಬಿಲೈಸರ್, ಅಂದರೆ ದೃಶ್ಯ ಅಲುಗದಂತೆ ತಡೆಯುವ ಸಾಧನ, ಮಾಡಿಕೊಳ್ಳಲು ಪೈಪು, ವಾಷರು, ಸ್ಪ್ರಿಂಗು ಎಂದು ಕೂಡಿಹಾಕುತ್ತಿರುವವರಿದ್ದರೆ ಡ್ರಿಲ್ ಕೆಳಗಿಟ್ಟು ಇದನ್ನೊಮ್ಮೆ ಓದಿ. ನಾನು ಇದನ್ನು ಎಡಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದೇನೆ. ಬಲ ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಲು ಇನ್ನೂ ಮೂರು ವಾರವಿದೆ.

ಫೋನನ್ನು ಹ್ಯಾಂಡಲ್‌ಗೆ ನೇರವಾಗಿ ಬಿಗಿದು ತೆಗೆದ ನನ್ನ ವಿಡಿಯೊಗಳನ್ನು ನೋಡಿದವರಿಗೆ ತಲೆ ಸುತ್ತುತ್ತಿತ್ತು. ಅದಕ್ಕೇ ಈ ಸಾಹಸ. ಹ್ಯಾಂಡಲ್‌ನ ಬಲಬದಿಗೆ ಒಂದು ಕಬ್ಬಿಣದ ಪಟ್ಟಿ, ಪಟ್ಟಿಯ ತುದಿಗೆ ಹಳೆಯ ಸ್ಕೇಟ್ ಚಕ್ರದ ಬೇರಿಂಗ್, ಅಲ್ಲಿಂದ ಕೆಳಕ್ಕೆ ಇಳಿಬಿದ್ದ 40 ಸೆಂಟಿಮೀಟರ್ ಪೈಪು, ಅದರ ಬುಡಕ್ಕೆ ಅರ್ಧ ಕಿಲೊಗಿಂತ ಹೆಚ್ಚು ವಾಷರ್‌ಗಳು. ಮೇಲ್ಗಡೆ ನಾಲ್ಕು ಸ್ಪ್ರಿಂಗ್‌ಗಳ ಮೇಲೆ ಫೋನು. ಕೋಣೆಯೊಳಗೆ ಸೈಕಲ್ ಹಿಡಿದು ಅಲ್ಲಾಡಿಸಿದರೆ ಫೋನು ಗಾಳಿಯಿಲ್ಲದೆಡೆ ಇಟ್ಟ ದೀಪದಂತೆ ನಿಂತಿತ್ತು. ಆ ಹೊತ್ತಿಗೆ ನನಗೆ ಬಂದ ಜಂಬವನ್ನು ಇಲ್ಲಿ ವರ್ಣಿಸುವುದಿಲ್ಲ.

ರಸ್ತೆಗೆ ಇಳಿದ ಮೊದಲ ದಿನವೇ ವಿಡಿಯೊ ಮೊದಲಿಗಿಂತ ಹದಗೆಟ್ಟಿತು. ದೋಣಿಯಲ್ಲಿ ಕುಳಿತು ತೆಗೆದಂತೆ ದೃಶ್ಯವೆಲ್ಲ ಮೇಲೆ ಕೆಳಗೆ ತೇಲುತ್ತಿತ್ತು. ಕಾರಣ ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಫೋನಿನ ಭಾರಕ್ಕೆ ನನ್ನ ಸ್ಪ್ರಿಂಗ್‌ಗಳು 4 ಸೆಂಟಿಮೀಟರ್ ಕುಸಿದಿದ್ದವು. ಅಷ್ಟು ಕುಸಿಯುವ ಸ್ಪ್ರಿಂಗ್ ತನ್ನಷ್ಟಕ್ಕೆ ಬಿಟ್ಟರೆ ಸೆಕೆಂಡಿಗೆ ಸುಮಾರು ಎರಡೂವರೆ ಬಾರಿ ಕುಣಿಯುತ್ತದೆ. ನಾನು ಪೆಡಲ್ ತುಳಿಯುವುದು ನಿಮಿಷಕ್ಕೆ ಹೆಚ್ಚುಕಡಿಮೆ 75 ಸುತ್ತು. ಎರಡೂ ಕಾಲಿನ ಒತ್ತು ಸೇರಿಸಿದರೆ ಅದೂ ಸೆಕೆಂಡಿಗೆ ಎರಡೂವರೆ! ಅಂದರೆ ನಾನು ರಸ್ತೆಯುದ್ದಕ್ಕೂ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಸರಿಯಾಗಿ ನೂಕುತ್ತಾ ಹೋಗಿದ್ದೆ. ಸ್ಪ್ರಿಂಗ್ ಅದುರನ್ನು ನುಂಗುವುದಿಲ್ಲ, ಸಾಲ ಪಡೆದಂತೆ ಪಡೆದು ಹಿಂದಿರುಗಿಸುತ್ತದೆ. ನುಂಗುವುದಕ್ಕೆ ರಬ್ಬರೋ ಫೋಮೋ ಬೇಕು. ನಾನು ಒಂದು ತುಂಡನ್ನೂ ಹಾಕಿರಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಕೈ ಉಳಿಯುತ್ತಿತ್ತು. ತೂಕ ಸಾಲದೆಂದು ನಾನೇ ತೀರ್ಮಾನಿಸಿ ಬುಡಕ್ಕೆ ಇನ್ನಷ್ಟು ವಾಷರ್ ಪೋಣಿಸಿದೆ. ನಿಜವಾದ ತಪ್ಪು ಇದು. ನಡೆದಾಡುತ್ತಾ ಚಿತ್ರೀಕರಿಸಿದರೂ ದೃಶ್ಯ ಅಲುಗದಿರಲೆಂದು ಸಿನಿಮಾ ಛಾಯಾಗ್ರಾಹಕ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ರೂಪಿಸಿದ ಸ್ಟೆಡಿಕ್ಯಾಮ್‌ನಲ್ಲೂ ಕೆಳಗೆ ಭಾರವಿದೆ, ನಿಜ. ಆದರೆ ಅದರಲ್ಲಿ ತೂಕದ ಸಮತೋಲ ಬುಡದ ಕಡೆಗೆ ಕೊಂಚವೇ ವಾಲಿರುತ್ತದೆ. ಅದನ್ನು ಅಡ್ಡ ಹಿಡಿದು ಬಿಟ್ಟರೆ ನೆಟ್ಟಗಾಗಲು ಎರಡು ಮೂರು ಸೆಕೆಂಡ್ ಬೇಕು, ಹೊಂದಿಸುವವರು ಹಾಗೆಯೇ ಪರೀಕ್ಷಿಸುತ್ತಾರೆ. ನನ್ನದು ಕಣ್ಣು ಮಿಟುಕಿಸುವಷ್ಟರಲ್ಲಿ ಧಪ್ಪೆಂದು ಇಳಿಯುತ್ತಿತ್ತು. ಅದು ಸ್ಟೆಬಿಲೈಸರ್ ಅಲ್ಲ, ಗಡಿಯಾರದ ಲೋಲಕ. ಸೈಕಲ್ ನಿಧಾನವಾದರೆ ಲೋಲಕ ಮುಂದಕ್ಕೆ ಹೋಗುತ್ತದೆ. ಸಾಧಾರಣ ಗಟ್ಟಿಯಾಗಿ, ಅಂದರೆ ವೇಗ ಇಳಿಯುವ ದರ ಗುರುತ್ವ ವೇಗೋತ್ಕರ್ಷದ ಶೇ 30ರಷ್ಟಾಗುವಂತೆ ಬ್ರೇಕ್ ಹಿಡಿದರೆ ಅದು ವಾಲಿ ನಿಲ್ಲಬೇಕಾದ ಕೋನ 17 ಡಿಗ್ರಿ. ಥಟ್ಟನೆ ಹಿಡಿದರೆ ತೂಗಿಕೊಂಡು ಅದರ ಇಮ್ಮಡಿಯವರೆಗೂ ಹೋಗುತ್ತದೆ.

ಐದನೆಯ ದಿನ ರಸ್ತೆಗೆ ಒಂದು ಚೆಂಡು ಉರುಳಿ ಬಂತು. ಚೆಂಡಿನ ಹಿಂದೆ ಮಗು ಬರುತ್ತದೆ ಎಂದು ಎರಡೂ ಬ್ರೇಕ್ ಒತ್ತಿದೆ. ಪೈಪು ಮುಂದಕ್ಕೆ ಎಗರಿ ಅಷ್ಟೇ ರಭಸದಿಂದ ಹಿಂದಕ್ಕೆ ಬಂತು. ನಾಲ್ಕು ದಿನದ ಅದುರಿಗೆ ಬೇರಿಂಗ್‌ನ ಬೋಲ್ಟ್ ಸಡಿಲಗೊಂಡಿತ್ತು, ಲಾಕ್ ನಟ್ ಹಾಕಿರಲಿಲ್ಲ. ಹಿಂದೆ ಬಂದ ಪೈಪು ನೇರ ಬರಲಿಲ್ಲ, ಒಳಕ್ಕೆ ಓರೆಯಾಗಿ ಚಕ್ರದ ಕಡ್ಡಿಗಳ ನಡುವೆ ತೂರಿತು. ‘ಟರ್’ ಎಂಬ ಒಂದೇ ಸದ್ದು. ಪೈಪು ಫೋರ್ಕ್‌ಗೆ ಸಿಕ್ಕಿ ಮುಂದಿನ ಚಕ್ರ ನಿಂತೇಹೋಯಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ದಾಟಿ ಅಂಗೈ ಊರಿ ಬಿದ್ದೆ. ಮೂರು ಕಡ್ಡಿ ಮುರಿದಿದ್ದವು, ಫೋರ್ಕ್ ಬಾಗಿತ್ತು. ಮಗು ಯಾವುದೂ ಬರಲಿಲ್ಲ.

ಆದ್ದರಿಂದ ಹ್ಯಾಂಡಲ್‌ನಿಂದ ಚಕ್ರದ ಎತ್ತರಕ್ಕೆ ಇಳಿಯುವ ಯಾವ ವಸ್ತುವನ್ನೂ ತೂಗುಹಾಕಬೇಡಿ. ದಾರ ಕಟ್ಟಿದ್ದೇನೆ, ಟೇಪು ಸುತ್ತಿದ್ದೇನೆ ಎಂಬ ಸಮಾಧಾನವೂ ಬೇಡ. ಫೋನ್ ಹೋಲ್ಡರ್‌ಗೆ ಕೈಗೆ ಸಿಕ್ಕ 6 ಮಿಲಿಮೀಟರ್ ಬೋಲ್ಟ್ ತಿರುಗಿಸಲೂಬೇಡಿ. ಅದರ ರಂಧ್ರ ಸಾಮಾನ್ಯವಾಗಿ ಕಾಲು ಇಂಚಿನದು, ಅಂದರೆ 6.35 ಮಿಲಿಮೀಟರ್. ಬೋಲ್ಟ್ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ.

ಫೋನಿನ ಕಥೆಯೂ ಇದೆ. ಅದರ ಕ್ಯಾಮೆರಾದೊಳಗೆ ಅಲುಗಾಟ ತಡೆಯಲು ಮಸೂರವನ್ನೇ ಸರಿಸುವ ಸೂಕ್ಷ್ಮ ವ್ಯವಸ್ಥೆ ಇತ್ತು. ಈಗ ಕ್ಯಾಮೆರಾ ತೆರೆದರೆ ಜೀರುಂಡೆಯಂತೆ ಗುಂಯ್‌ಗುಡುತ್ತದೆ, ಫೋಕಸ್ ಕೂರುವುದಿಲ್ಲ. ಅದುರಿನಿಂದ ಕೆಟ್ಟಿತೋ, ಬಿದ್ದು ಕೆಟ್ಟಿತೋ ಯಾರು ಬಲ್ಲರು. ಆದರೆ ಶಕ್ತಿಶಾಲಿ ಮೋಟಾರ್‌ಸೈಕಲ್‌ಗಳ ಹ್ಯಾಂಡಲ್‌ಗೆ ಫೋನ್ ಬಿಗಿದರೆ ಇಂಥ ವ್ಯವಸ್ಥೆ ಹಾಳಾಗಬಹುದೆಂದು ಆ್ಯಪಲ್ 2021ರಲ್ಲೇ ತನ್ನ ಗ್ರಾಹಕರಿಗೆ ಹೇಳಿತ್ತು. ನನ್ನ ಫೋನ್ ಬೇರೆ ಕಂಪನಿಯದು, ಆದ್ದರಿಂದ ಅದು ನನಗಲ್ಲ ಎಂದುಕೊಂಡಿದ್ದೆ.

ವಿಡಿಯೊ ಬೇಕೇ ಬೇಕೆಂದರೆ ಹಗುರವಾದ ಕ್ಯಾಮೆರಾವನ್ನು ಎದೆಗೆ ಪಟ್ಟಿಯಲ್ಲಿ ಬಿಗಿದುಕೊಳ್ಳಿ. ಮೊಣಕೈ, ಬೆನ್ನು, ಸೊಂಟ ನನ್ನ ನಾಲ್ಕು ಸ್ಪ್ರಿಂಗ್‌ಗಳಿಗಿಂತ ಎಷ್ಟೋ ಚೆನ್ನಾಗಿ ಅದುರನ್ನು ಹೀರುತ್ತವೆ. ಉಳಿದದ್ದನ್ನು ಸಾಫ್ಟ್‌ವೇರ್ ಸರಿಪಡಿಸುತ್ತದೆ, ಅಂಚು ಕೊಂಚ ಕತ್ತರಿಸಿಹೋಗುತ್ತದೆ ಅಷ್ಟೇ.

ಅಂದಿನ ವಿಡಿಯೊ ಅಳಿಸಿಲ್ಲ. ಚೆಂಡು, ಹ್ಯಾಂಡಲ್, ಒಂದು ಗಿರಕಿ. ಆಮೇಲೆ ಫೋನು ರಸ್ತೆಯ ಮೇಲೆ ಅಂಗಾತ ಬಿದ್ದುಕೊಂಡು ಒಂದೂವರೆ ನಿಮಿಷ ಬರೀ ಆಕಾಶ ತೆಗೆದಿದೆ. ಚೂರೂ ಅಲುಗಿಲ್ಲ.