ಮನೆಗೆ ಬರುವ ಟ್ರೆಡ್‌ಮಿಲ್ ಸರ್ವಿಸ್: ಎಣ್ಣೆ ಹಾಕಿದರು, ಮುಚ್ಚಳ ತೆಗೆಯಲಿಲ್ಲ

ಕಲಬುರಗಿಯಲ್ಲಿ ಟ್ರೆಡ್‌ಮಿಲ್ ‘ಜನರಲ್ ಸರ್ವಿಸ್’ ಅಂತ ಮನೆಗೆ ಬಂದು ಮಾಡಿಕೊಡುವ ಒಂದು ಸೇವೆಯ ವಿಮರ್ಶೆ ಇದು. ಯಂತ್ರ ಸಾಮಾನ್ಯ ಮಾದರಿಯದು: 2 ಎಚ್.ಪಿ. ಡಿ.ಸಿ. ಮೋಟಾರ್, ಮಡಚಿ ಗೋಡೆಗೆ ನಿಲ್ಲಿಸುವಂಥದ್ದು. ಐದರಲ್ಲಿ ಮೂರು ಅಂಕ ಕೊಡಬಹುದು. ಹೇಳಿದ ಹೊತ್ತಿಗೆ ಬರುತ್ತಾರೆ, ಸರಿಯಾದ ಎಣ್ಣೆ ತರುತ್ತಾರೆ, ಬೆಲ್ಟನ್ನು ಸರಿಯಾಗಿ ನಡುವಿಗೆ ಕೂರಿಸಿ ಹೋಗುತ್ತಾರೆ. ಉಳಿದ ಎರಡು ಅಂಕ ಹೋಗಿದ್ದು ಮೋಟಾರಿನ ಮುಚ್ಚಳ ತೆಗೆಯದೆ ಸರ್ವಿಸ್ ಮುಗಿಸಿದ್ದಕ್ಕೆ, ಪ್ಲಗ್ಗಿನ ಕಡೆ ತಿರುಗಿಯೂ ನೋಡದ್ದಕ್ಕೆ. ನಮ್ಮ ಕಡೆಯ ಧೂಳು, ಬಿಸಿಲು, ಕೂಲರ್ ಗಾಳಿ ಮೂರೂ ಹೋಗಿ ಕೂರುವುದು ಆ ಮುಚ್ಚಳದ ಒಳಗೇ.

ಮೊದಲು ಎಣ್ಣೆ. ಇದನ್ನು ಚೆನ್ನಾಗಿಯೇ ಮಾಡುತ್ತಾರೆ. ಬೆಲ್ಟಿನ ಮೇಲ್ಮೈ ಪಿವಿಸಿ, ಒಳಮೈ ನೇಯ್ದ ಬಟ್ಟೆ. ಅದು ಜಾರುವುದು ನುಣುಪಾದ ಲೇಪನ ಇರುವ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ಮೇಲೆ. ಈ ಎರಡರ ನಡುವೆ ಬೇಕಾದದ್ದು ಶುದ್ಧ ಸಿಲಿಕೋನ್ ಎಣ್ಣೆ ಮಾತ್ರ. ಬೆಲ್ಟಿನ ಅಂಚು ಎತ್ತಿ, ಕಾಲು ಬೀಳುವ ನಡುಭಾಗಕ್ಕೆ ಸಿಗುವಂತೆ, ಎಡಕ್ಕೆ ಸುಮಾರು 10 ಮಿ.ಲೀ., ಬಲಕ್ಕೆ 10 ಮಿ.ಲೀ. ಅಂಕುಡೊಂಕಾಗಿ ಬಿಟ್ಟು, ಗಂಟೆಗೆ 3–4 ಕಿ.ಮೀ. ವೇಗದಲ್ಲಿ ಐದು ನಿಮಿಷ ಅಡ್ಡಡ್ಡ ಹೆಜ್ಜೆ ಹಾಕುತ್ತ ನಡೆದರೆ ಹಲಗೆಗೆಲ್ಲ ಹರಡುತ್ತದೆ. ‘ಇರಲಿ ಬಿಡ್ರಿ, ಇನ್ನಷ್ಟು ಹಾಕ್ರಿ’ ಅನ್ನಬೇಡಿ. ಹೆಚ್ಚಾದ ಎಣ್ಣೆ ಮುಂದಿನ ರೋಲರ್‌ಗೆ ಹತ್ತಿ ಬೆಲ್ಟ್ ಜಾರುತ್ತದೆ, ಮಿಕ್ಕಿದ್ದು ಧೂಳು ಹಿಡಿದು ಕೆಸರಾಗುತ್ತದೆ.

ತಾರೀಖು ನೋಡಿ ಎಣ್ಣೆ ಹಾಕುವುದಕ್ಕಿಂತ ಕೈ ಹಾಕಿ ನೋಡುವುದೇ ಸರಿ. ಪ್ಲಗ್ ಕಿತ್ತು, ಅಂಗೈಯನ್ನು ಬೆಲ್ಟಿನ ಕೆಳಗೆ ನಡುವಿನವರೆಗೆ ತೂರಿಸಿ ಸವರಿ. ಬೆರಳು ಜಿಡ್ಡಾಗಿ ಬಂದರೆ ಇನ್ನೂ ಬೇಡ. ಒಣಗಿ ಬಂದರೆ ಹಾಕಿ. ಬೂದು ಪುಡಿ ಹತ್ತಿ ಬಂದರೆ ಸವೆತ ಆಗಲೇ ಶುರುವಾಗಿದೆ. ಒಳಮೈ ಬಟ್ಟೆ ಗಾಜಿನಂತೆ ಮಿನುಗುತ್ತಿದ್ದರೆ ಬೆಲ್ಟಿನ ಆಯಸ್ಸು ಮುಗಿದಿದೆ, ಎಷ್ಟು ಎಣ್ಣೆ ಸುರಿದರೂ ವ್ಯರ್ಥ. ಆಗ ಬೆಲ್ಟಿನ ಜೊತೆ ಹಲಗೆಯನ್ನೂ ನೋಡಲೇಬೇಕು. ಗೆರೆ ಬಿದ್ದು ಒರಟಾದ ಹಲಗೆ ಹೊಸ ಬೆಲ್ಟನ್ನು ಕೆಲವೇ ತಿಂಗಳಲ್ಲಿ ತಿಂದುಹಾಕುತ್ತದೆ. ಕೆಲವು ಮಾದರಿಗಳಲ್ಲಿ ಹಲಗೆಯನ್ನು ಮಗುಚಿ ಹಾಕಬಹುದು.

ಸಿಲಿಕೋನ್ ಸಿಗಲಿಲ್ಲವೆಂದು ಅಡುಗೆಮನೆಯ ಡಬ್ಬಿಗೆ ಕೈ ಹಾಕುವವರೂ ಇದ್ದಾರೆ. ಕುಸುಬಿ ಎಣ್ಣೆ ಬಾಣಲೆಯ ಅಂಚಿನಲ್ಲಿ ಒಣಗಿ ಹೇಗೆ ಅಂಟು ಪದರವಾಗುತ್ತದೆ ಅನ್ನುವುದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಹಲಗೆಯ ಮೇಲೂ ಅದೇ ಆಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಇವೂ ಬೇಡ. ಪೆಟ್ರೋಲಿಯಂ ಮೂಲದ ಎಣ್ಣೆ ಬೆಲ್ಟಿನ ಪದರಗಳನ್ನು ಸಡಿಲಿಸುತ್ತದೆ.

ಎರಡನೆಯದು ಯಂತ್ರದ ಹಿಂಭಾಗದಲ್ಲಿ ಬೆಲ್ಟ್ ಬಿಗಿ ಮಾಡುವ ಬೋಲ್ಟು. ಇಲ್ಲಿ ಮೆಕ್ಯಾನಿಕ್‌ನ ಕೈ ತುಸು ಭಾರ. ಬೆಲ್ಟ್ ಜಾರುತ್ತದೆ ಎಂದ ಕೂಡಲೇ ಎಲೆನ್ ಕೀ ಹಾಕಿ ಎರಡೂ ಕಡೆ ಒಂದೊಂದು ಪೂರ್ತಿ ಸುತ್ತು ತಿರುಗಿಸಿಬಿಡುತ್ತಾರೆ. ಒಂದು ಸಲಕ್ಕೆ ಕಾಲು ಸುತ್ತು ಸಾಕು, ಎರಡೂ ಕಡೆ ಸಮವಾಗಿ. ಮೊದಲು ಜಾರುತ್ತಿರುವುದು ಯಾವ ಬೆಲ್ಟ್ ಅಂತ ಗುರುತಿಸಬೇಕು. ನಿಧಾನ ವೇಗದಲ್ಲಿ ಒಬ್ಬರು ಹಿಡಿಕೆ ಹಿಡಿದು ಕಾಲಿನಿಂದ ಬೆಲ್ಟನ್ನು ತಡೆಯಲಿ, ಇನ್ನೊಬ್ಬರು ಮುಂದಿನ ರೋಲರ್ ನೋಡಲಿ. ರೋಲರ್ ತಿರುಗುತ್ತಲೇ ಇದ್ದು ನಡೆಯುವ ಬೆಲ್ಟ್ ನಿಂತರೆ ಹಿಂದಿನ ಬೋಲ್ಟಿನ ಕೆಲಸ. ರೋಲರೂ ನಿಂತು ಮೋಟಾರ್ ಮಾತ್ರ ತಿರುಗಿದರೆ ಸಡಿಲಾಗಿರುವುದು ಮೋಟಾರಿನಿಂದ ರೋಲರನ್ನು ತಿರುಗಿಸುವ ಸಣ್ಣ ಪಟ್ಟಿ. ಅದಕ್ಕೆ ಮುಚ್ಚಳ ತೆಗೆಯಲೇಬೇಕು. ಇದನ್ನು ನೋಡದೆ ಹಿಂದೆ ಬಿಗಿ ಮಾಡುತ್ತ ಹೋದರೆ ರೋಲರಿನ ಬೇರಿಂಗ್ ಕೂಗತೊಡಗುತ್ತದೆ, ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಕಡೆಗೆ ಮೋಟಾರನ್ನು ನಡೆಸುವ ಸರ್ಕ್ಯೂಟ್ ಬೋರ್ಡ್ ಸುಡುತ್ತದೆ. ಬೆಲ್ಟಿನ ಅಂಚನ್ನು ನಡುಮಧ್ಯದಲ್ಲಿ ಎತ್ತಿದಾಗ ಎರಡು-ಮೂರು ಇಂಚು ಮೇಲೆದ್ದರೆ ಬಿಗಿ ಸರಿಯಿದೆ ಎಂದರ್ಥ.

ಬೆಲ್ಟ್ ಒಂದು ಪಕ್ಕಕ್ಕೆ ಸರಿಯುತ್ತಿದ್ದರೆ, ಹಿಂದೆ ನಿಂತು ನೋಡಿ, ಯಾವ ಕಡೆ ಸರಿಯುತ್ತದೋ ಆ ಕಡೆಯ ಬೋಲ್ಟನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಒಂದು ನಿಮಿಷ ಓಡಲು ಬಿಡಿ. ಇದನ್ನು ಅವರು ಚೊಕ್ಕವಾಗಿ ಮಾಡಿದರು. ಆದರೆ ಬೋಲ್ಟ್ ಮುಟ್ಟುವ ಮುಂಚೆ ನೆಲ ನೋಡಬೇಕಿತ್ತು. ಹಳೆಯ ಮನೆಗಳ ಶಹಾಬಾದಿ ಫರ್ಸಿಯಲ್ಲಿ ಒಂದು ಕಲ್ಲು ಎದ್ದಿರುತ್ತದೆ, ಪಕ್ಕದ್ದು ಕುಸಿದಿರುತ್ತದೆ. ಯಂತ್ರದ ಒಂದು ಕಾಲು ಗಾಳಿಯಲ್ಲಿದ್ದರೆ ಚೌಕಟ್ಟೇ ತಿರುಚಿಕೊಂಡು ಬೆಲ್ಟ್ ಮತ್ತೆ ಮತ್ತೆ ಪಕ್ಕಕ್ಕೆ ಓಡುತ್ತದೆ. ಗಾರೆಯವರ ಲೆವೆಲ್ ಪಟ್ಟಿ ಇಟ್ಟು, ಕೆಳಗಿನ ತಿರುಗಿಸುವ ಕಾಲುಗಳನ್ನು ಸರಿ ಮಾಡಿದರೆ ಎಷ್ಟೋ ಸಲ ಬೋಲ್ಟ್ ಮುಟ್ಟುವ ಅಗತ್ಯವೇ ಬರುವುದಿಲ್ಲ.

ಇನ್ನು ಆ ಮುಚ್ಚಳ. ನಾಲ್ಕಾರು ಸ್ಕ್ರೂ, ಐದು ನಿಮಿಷದ ಕೆಲಸ. ಪ್ಲಗ್ ಕಿತ್ತು ಹತ್ತು ನಿಮಿಷ ಕಾದೇ ತೆಗೆಯಬೇಕು. 230 ವೋಲ್ಟ್ ಎ.ಸಿ. ಒಳಗೆ ಡಿ.ಸಿ. ಆದಾಗ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಹೊಡೆಯುತ್ತದೆ. ಒಳಗೆ ಸಿಗುವುದು ಎರಡು ಬಗೆಯ ಧೂಳು. ಬೂದು-ಕಂದು ಬಣ್ಣದ್ದು ಊರಿನದು. ಮೋಟಾರಿನ ಸುತ್ತ ಇರುವ ಕಪ್ಪು ಪುಡಿ ಕಾರ್ಬನ್ ಬ್ರಷ್ಷಿನದು, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸವೆಯುವ ತುಂಡಿನದು. ಈ ಕಪ್ಪು ಪುಡಿಯಲ್ಲಿ ಕರೆಂಟ್ ಹರಿಯುತ್ತದೆ, ಬೋರ್ಡಿನ ಮೇಲೆ ಕೂತರೆ ಶಾರ್ಟ್ ಆಗುತ್ತದೆ. ಬಣ್ಣ ಹಚ್ಚುವ ಒಣ ಬ್ರಷ್‌ನಿಂದ ಕೆದಕುತ್ತ ವ್ಯಾಕ್ಯೂಮಿನಿಂದ ಎಳೆಯಿರಿ. ಬ್ಲೋವರ್ ಹೊಡೆದರೆ ಧೂಳು ಮೋಟಾರಿನ ಒಳಕ್ಕೇ ಹೋಗುತ್ತದೆ.

ಕೂಲರ್ ಎದುರಿಗೇ ಯಂತ್ರ ಇಟ್ಟಿದ್ದರೆ ಜಾಗ ಬದಲಿಸಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಕೂಲರ್ ಇಲ್ಲದೆ ಓಡಲು ಯಾರಿಗೂ ಆಗದು, ನಿಜ. ಆದರೆ ಆ ತೇವದ ಗಾಳಿ ನೇರ ಬಡಿದರೆ ಬೋರ್ಡಿನ ಬೆಸುಗೆಗಳು ಹಸಿರುಗಟ್ಟುತ್ತವೆ, ಎಂಡಿಎಫ್ ಹಲಗೆಯ ಅಂಚು ನೀರು ಕುಡಿದು ಉಬ್ಬುತ್ತದೆ. ಕೂಲರ್ ಪಕ್ಕಕ್ಕಿರಲಿ, ಗಾಳಿ ಓಡುವವರ ಎದೆಗೆ ಬರಲಿ. ತಗಡಿನ ಮಾಳಿಗೆಯ ಕೋಣೆಯಲ್ಲಿ ಇಟ್ಟವರು ಮಧ್ಯಾಹ್ನ ಓಡಿಸದಿರುವುದೇ ಲೇಸು.

ಅರ್ಥಿಂಗ್ ಅನ್ನು ಯಾರೂ ನೋಡುವುದಿಲ್ಲ. ಬೆಲ್ಟ್ ಉಜ್ಜಿ ಉಜ್ಜಿ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ, ಒಣ ಹವೆಯಲ್ಲಿ ಇನ್ನೂ ಜಾಸ್ತಿ. ಅದಕ್ಕೆ ನೆಲಕ್ಕಿಳಿಯುವ ದಾರಿ ಇಲ್ಲದಿದ್ದರೆ ಹಿಡಿಕೆ ಮುಟ್ಟಿದಾಗ ಚುರ್ ಅನ್ನುತ್ತದೆ, ಓಡುತ್ತಿದ್ದಂತೆಯೇ ಡಿಸ್‌ಪ್ಲೇ ಆರಿ ಸೊನ್ನೆಗೆ ಬರುತ್ತದೆ. ಜನ ಅದನ್ನು ‘ಬೋರ್ಡ್ ಪ್ರಾಬ್ಲಂ’ ಎನ್ನುತ್ತಾರೆ. ಗೋಡೆಯ ಪ್ಲಗ್ ಪಾಯಿಂಟಿನಲ್ಲಿ ಮಲ್ಟಿಮೀಟರ್ ಇಟ್ಟು ಅರ್ಥ್–ನ್ಯೂಟ್ರಲ್ ನಡುವೆ ಅಳೆಯಿರಿ. ಒಂದೆರಡು ವೋಲ್ಟ್ ಇದ್ದರೆ ಚಿಂತೆಯಿಲ್ಲ. ಇಪ್ಪತ್ತು-ಮೂವತ್ತು ತೋರಿಸಿದರೆ ಮನೆಯ ವೈರಿಂಗ್ ಸರಿಯಿಲ್ಲ, ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ಥ್ ಗುಂಡಿಗೆ ಆಗಾಗ ನೀರು ಬೇಕೇ ಬೇಕು. ಯಂತ್ರಕ್ಕೆ 16 ಆಂಪಿಯರ್ ಪಾಯಿಂಟೇ ಕೊಡಿ. 6 ಆಂಪಿಯರ್ ಪಾಯಿಂಟಿನ ಮಿತಿ 1380 ವ್ಯಾಟ್, 2 ಎಚ್.ಪಿ. ಮೋಟಾರ್ ಪೂರ್ತಿ ದುಡಿದರೆ ಸುಮಾರು 1490 ವ್ಯಾಟ್. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಇನ್ವರ್ಟರ್ ಲೈನಂತೂ ಬೇಡವೇ ಬೇಡ.

‘ಮೋಟಾರ್ ಹೋಗ್ಯಾದ್ರಿ’ ಎಂದು ಹೇಳಿದರೆ ಒಪ್ಪುವ ಮುಂಚೆ ಎರಡು ಕೇಳಿ. ಕಾರ್ಬನ್ ಬ್ರಷ್ ಬಿಚ್ಚಿ ನೋಡಿದಿರಾ? ಒಂದು ಸೆಂಟಿಮೀಟರಿಗಿಂತ ಗಿಡ್ಡವಾಗಿದ್ದರೆ ಬದಲಿಸಿ ಸಾಕು, ಜೋಡಿಯಾಗಿಯೇ ಬದಲಿಸಬೇಕು. ತಂತಿ ಕತ್ತರಿಸದೆ ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದಿರಾ? ಅದೇ ಮನುಷ್ಯ, ಅದೇ ವೇಗ, ಎಣ್ಣೆ ಹಾಕುವ ಮುಂಚೆ ಒಂದು ಅಳತೆ, ಆಮೇಲೆ ಒಂದು. ಎಣ್ಣೆಯ ನಂತರ ಆಂಪಿಯರ್ ಇಳಿದರೆ ತಪ್ಪು ಮೋಟಾರಿನದಲ್ಲ, ಒಣ ಬೆಲ್ಟಿನದು. ಹೊರಟ ಕೂಡಲೇ ನಾಗಾಲೋಟಕ್ಕೆ ಹೋಗಿ ನಿಂತುಬಿಡುವ ಯಂತ್ರಗಳಲ್ಲಿ ಮೊದಲು ನೋಡಬೇಕಾದ್ದು ಸ್ಪೀಡ್ ಸೆನ್ಸರ್: ಮುಂದಿನ ರೋಲರಿನ ಪುಲ್ಲಿಯ ಮೇಲಿರುವ ಅಯಸ್ಕಾಂತಕ್ಕೂ ಅದಕ್ಕೂ ಎರಡು-ಮೂರು ಮಿ.ಮೀ. ಅಂತರ ಇರಬೇಕು. ಎರರ್ ಕೋಡ್ ಒಂದೊಂದು ಕಂಪನಿಗೆ ಒಂದೊಂದು, ನಿಮ್ಮ ಪುಸ್ತಕದಲ್ಲೇ ನೋಡಿ.

ಬಿಡಿಭಾಗಕ್ಕೆ ಕಂಪನಿಯ ದಾರಿ ಕಾಯಬೇಕಿಲ್ಲ. ರೋಲರಿನ ಬೇರಿಂಗ್ ಮೇಲೆ ನಂಬರ್ ಕೊರೆದಿರುತ್ತದೆ. ತೊಗರಿ ದಾಲ್ ಮಿಲ್‌ಗಳಿಗೆ ಮಾಲು ಕೊಡುವ ಅಂಗಡಿಯಲ್ಲಿ ಅದೇ ನಂಬರ್ ಕೇಳಿ. ಮೋಟಾರ್ ಪಟ್ಟಿಯ ಮೇಲೆ 180ಜೆ6 ಅಂತಿದ್ದರೆ 18 ಇಂಚು ಉದ್ದ, ಜೆ ನಮೂನೆಯ ಗೆರೆ, ಅಂಥ ಗೆರೆ ಆರು ಎಂದರ್ಥ. ಬೋರ್ಡ್ ಮತ್ತು ನಡೆಯುವ ಬೆಲ್ಟ್ ಮಾತ್ರ ಹೊರಗಿನಿಂದ ತರಿಸಬೇಕಾದೀತು. ಬೆಲ್ಟಿಗೆ ಅಗಲವನ್ನೂ ಪೂರ್ತಿ ಸುತ್ತಳತೆಯನ್ನೂ ಮಿ.ಮೀ.ನಲ್ಲಿ ಕೊಡಿ.

ಈ ಸರ್ವಿಸಿನ ಬಿಲ್ಲಿನಲ್ಲಿ ಎಲ್ಲ ಸೇರಿಸಿ ಒಂದೇ ಸಾಲು ಬರೆಯುತ್ತಾರೆ. ಎಣ್ಣೆ ಎಷ್ಟು, ಕೂಲಿ ಎಷ್ಟು ತಿಳಿಯುವುದಿಲ್ಲ. ಎಣ್ಣೆ, ಲೆವೆಲ್, ಬೋಲ್ಟ್ ಮನೆಯಲ್ಲೇ ಆಗುವ ಕೆಲಸ. ವರ್ಷಕ್ಕೊಮ್ಮೆ ಇವರನ್ನೇ ಕರೆಯಿರಿ, ಆದರೆ ಫೋನಿನಲ್ಲೇ ಕೇಳಿಬಿಡಿ: ಮುಚ್ಚಳ ತೆಗೆಯುತ್ತೀರಾ, ಮೀಟರ್ ತರುತ್ತೀರಾ?