ಸರ್ವರ್ ಬದಲಿಸುವಾಗ ಫೋಲ್ಡರ್ ಲಿಂಕ್‌ಗಳನ್ನು ಎಸ್‌ಸಿಪಿಯಿಂದ ಸಾಗಿಸಬೇಡಿ

ಕಲಬುರಗಿ ಜಿಲ್ಲೆಯ ಶಾಸನಗಳ ಛಾಯಾಚಿತ್ರಗಳನ್ನು ಒಂದು ಲಿನಕ್ಸ್ ಸರ್ವರ್‌ನಲ್ಲಿ ಕಾಪಾಡುವ ಹೊಣೆ ನನ್ನದು. ಮೂಲ ಚಿತ್ರಗಳು ಊರಿನ ಹೆಸರಿನ ಫೋಲ್ಡರ್‌ಗಳಲ್ಲಿ ಒಂದೇ ಕಡೆ ಇದ್ದವು. ತಾಲ್ಲೂಕುವಾರು ಮತ್ತು ರಾಜವಂಶವಾರು ವಿಂಗಡಣೆಯಲ್ಲಿ ಇದ್ದದ್ದು ಅವುಗಳನ್ನು ತೋರಿಸುವ ಸಿಮ್‌ಲಿಂಕ್‌ಗಳು ಮಾತ್ರ, ಅಂದರೆ ಬೇರೆಡೆ ಇರುವ ಫೋಲ್ಡರ್‌ನ ವಿಳಾಸವನ್ನಷ್ಟೇ ಹೊತ್ತ ಕೊಂಡಿಗಳು. ಮಳಖೇಡದ ಚಿತ್ರಗಳು ಸೇಡಂ ತಾಲ್ಲೂಕಿನಲ್ಲಿಯೂ ರಾಷ್ಟ್ರಕೂಟರ ಅಡಿಯಲ್ಲಿಯೂ ಕಾಣುತ್ತಿದ್ದರೂ ಡಿಸ್ಕ್‌ನಲ್ಲಿ ಇದ್ದದ್ದು ಒಂದೇ ಪ್ರತಿ.

ಹೊಸ ಸರ್ವರ್‌ಗೆ ಹೋಗುವಾಗ ನಾನು ಒಂದು ಯಂತ್ರದಿಂದ ಇನ್ನೊಂದಕ್ಕೆ ಫೈಲ್ ನಕಲಿಸುವ ಎಸ್‌ಸಿಪಿ (scp) ಆಜ್ಞೆಯನ್ನು, ಒಳಗಿನ ಫೋಲ್ಡರ್‌ಗಳನ್ನೂ ಸೇರಿಸುವ 'ಆರ್' (-r) ಆಯ್ಕೆಯೊಂದಿಗೆ ಕೊಟ್ಟೆ. ಅದು ಲಿಂಕ್ ಅನ್ನು ಲಿಂಕ್ ಆಗಿಯೇ ಒಯ್ಯುವುದಿಲ್ಲ. ಲಿಂಕ್ ತೋರಿಸುವ ಫೋಲ್ಡರ್‌ನೊಳಗೆ ಹೊಕ್ಕು ಅಲ್ಲಿರುವುದನ್ನೆಲ್ಲ ನಕಲು ಮಾಡುತ್ತದೆ. 180 ಜಿಬಿ ಇದ್ದ ಸಂಗ್ರಹ 540 ಜಿಬಿ ಆಯಿತು. ಒಂದೂ ದೋಷಸೂಚನೆ ಬರಲಿಲ್ಲ, ಹೊಸ ಡಿಸ್ಕ್ ದೊಡ್ಡದಾಗಿದ್ದುದರಿಂದ ಯಾರ ಗಮನಕ್ಕೂ ಬೀಳಲಿಲ್ಲ. ಡಿಸ್ಕ್ ತುಂಬಿ ಕೆಲಸ ನಿಂತಿದ್ದರೆ ಅಂದೇ ತಿಳಿಯುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ಎರಡು ತಿಂಗಳ ಬಳಿಕ ಸಹೋದ್ಯೋಗಿಯೊಬ್ಬರು ಚಿತ್ತಾಪುರ ತಾಲ್ಲೂಕಿನ ಫೋಲ್ಡರ್‌ನಲ್ಲಿ ಸನ್ನತಿಯ ವಿವರಗಳನ್ನು ತಿದ್ದಿದರು. ಈಗ ಅವು ಬೇರೆ ಬೇರೆ ಪ್ರತಿಗಳಾಗಿದ್ದರಿಂದ ಮೌರ್ಯರ ಅಡಿಯಲ್ಲಿ ಹಳೆಯ ತಪ್ಪು ಹಾಗೆಯೇ ಉಳಿದಿತ್ತು. ಆ ವೇಳೆಗೆ ಹಳೆಯ ಸರ್ವರ್ ಅನ್ನು ಬಿಟ್ಟುಕೊಟ್ಟಿದ್ದೆವು. ಮೂರು ಪ್ರತಿಗಳ ಚೆಕ್‌ಸಮ್‌ಗಳನ್ನು (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತುಸಂಖ್ಯೆಗಳನ್ನು) ಹೋಲಿಸಿ, ಒಂದೇ ಫೈಲಿಗೆ ಎರಡು ಕಡೆ ಬೇರೆ ಬೇರೆ ತಿದ್ದುಪಡಿ ಆಗಿದ್ದಲ್ಲಿ ಸಾಲು ಸಾಲಾಗಿ ಓದಿ ಕೂಡಿಸಲು ಮೂರು ವಾರ ಹಿಡಿಯಿತು.

ದಯವಿಟ್ಟು ಎಸ್‌ಸಿಪಿ ಬದಲು ಫೈಲ್ ಸಾಗಿಸುವ ಇನ್ನೊಂದು ಆಜ್ಞೆಯಾದ ಆರ್‌ಸಿಂಕ್ (rsync) ಬಳಸಿ. ಅದರ 'ಎ' (-a) ಆಯ್ಕೆ ಲಿಂಕ್‌ಗಳನ್ನು ಲಿಂಕ್‌ಗಳಾಗಿಯೇ ಉಳಿಸುತ್ತದೆ, ಆದರೆ ಜೊತೆಗೆ ದೊಡ್ಡಕ್ಷರದ 'ಎಲ್' (-L) ಸೇರಿಸಿದರೆ ಮತ್ತೆ ಒಳಗಿನ ವಸ್ತುಗಳೇ ನಕಲಾಗುತ್ತವೆ. ಒಂದೇ ಒಂದು ಲಿಂಕ್ ಕಳಿಸುವಾಗ ಅದರ ಹೆಸರಿನ ಕೊನೆಗೆ ಓರೆಗೆರೆ (/) ಇಡಬೇಡಿ. ಇಟ್ಟರೆ ಲಿಂಕ್‌ನ ಬದಲು ಫೋಲ್ಡರ್‌ನ ಒಳಗಿರುವುದು ಹೋಗುತ್ತದೆ. ಲಿಂಕ್‌ನಲ್ಲಿ ಬರೆದ ವಿಳಾಸ ಬದಲಾಗದೆ ಹಾಗೆಯೇ ಸಾಗುವುದರಿಂದ, ಡಿಸ್ಕ್‌ನ ಮೂಲ ಫೋಲ್ಡರ್‌ನಿಂದ (/) ಆರಂಭವಾಗುವ ಪೂರ್ಣ ವಿಳಾಸ ಇದ್ದರೆ ಹೊಸ ಸರ್ವರ್‌ನಲ್ಲಿಯೂ ಅದೇ ಜಾಗದಲ್ಲಿ ಫೋಲ್ಡರ್ ಇರಬೇಕು, ಇಲ್ಲದಿದ್ದರೆ ಲಿಂಕ್ ಸತ್ತಂತೆಯೇ. ಮೊದಲೇ ಸಾಪೇಕ್ಷ ವಿಳಾಸದ, ಅಂದರೆ ಲಿಂಕ್ ಇರುವ ಜಾಗದಿಂದ ದಾರಿ ಹೇಳುವ, ಲಿಂಕ್‌ಗಳನ್ನು ಮಾಡಿಕೊಂಡಿದ್ದರೆ ಈ ತೊಡಕು ಕಡಿಮೆ.

ಆರ್‌ಸಿಂಕ್‌ನ 'ಎನ್' (-n) ಆಯ್ಕೆಯಿಂದ ಮೊದಲು ಒಣ ಪರೀಕ್ಷೆ ನಡೆಸಿ, ಅಂದರೆ ಏನನ್ನೂ ಸಾಗಿಸದೆ ಏನಾಗುತ್ತದೆ ಎಂದಷ್ಟೇ ನೋಡಿ. ಸಾಗಿಸಿದ ಮೇಲೆ ಫೈಂಡ್ (find) ಆಜ್ಞೆಯಿಂದ ಎರಡೂ ಕಡೆ ಲಿಂಕ್‌ಗಳನ್ನು ಎಣಿಸಿ, ಡಿಯು (du) ಆಜ್ಞೆಯಿಂದ ಗಾತ್ರ ನೋಡಿ. ಎರಡೂ ತಾಳೆಯಾಗುವವರೆಗೆ ಹಳೆಯ ಸರ್ವರ್ ಅನ್ನು ಬಿಟ್ಟುಕೊಡಬೇಡಿ.